ಹನ್ನೆರಡು ಕಡೆಯಿಂದ ನೋಡುವ ಪೆಟ್ಟಿಗೆ

ಈಚೆಗೆ ಓದುಗರ ಪತ್ರಗಳಲ್ಲಿ ಒಂದೇ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಬರುತ್ತಿದೆ. ‘ಮಗ ತಂದುಕೊಟ್ಟ ವಾಚು ಇಸಿಜಿ ತೆಗೆಯುತ್ತದೆ. ಎದೆ ಹಿಡಿದಂತಾದಾಗ ಅದರಲ್ಲೇ ನೋಡಿಕೊಂಡೆ, ಬಡಿತದ ಲಯ ಸರಿಯಾಗಿದೆ ಎಂದು ತೋರಿಸಿತು. ಆದರೂ ಡಾಕ್ಟರು, ಬನ್ನಿ, ಇಲ್ಲೊಂದು ಇಸಿಜಿ ಮಾಡೋಣ ಅನ್ನುತ್ತಾರೆ. ನೋಡಿದ್ದನ್ನೇ ಮತ್ತೆ ನೋಡುವುದು ಯಾಕೆ?’ ಕೆಲವರು ಇದನ್ನು ಕುತೂಹಲದಿಂದ ಕೇಳಿದ್ದಾರೆ, ಕೆಲವರು ಅನುಮಾನದಿಂದ. ದುಡ್ಡು ಕೊಟ್ಟು ಪರೀಕ್ಷೆ ಮಾಡಿಸುವವರಿಗೆ ಅನುಮಾನ ಬರುವುದು ತಪ್ಪೇನಲ್ಲ. ಆದ್ದರಿಂದ ಇವತ್ತಿನ ಅಂಕಣವನ್ನು ಈ ಪ್ರಶ್ನೆಗೇ ಮೀಸಲಿಡುತ್ತೇನೆ.

ಉತ್ತರ ಹೇಳಲು ನನಗೆ ಹೊಸ ವಾಚಿಗಿಂತ ಹಳೆಯ ಇಸಿಜಿ ಪೆಟ್ಟಿಗೆಯೇ ಹೆಚ್ಚು ಅನುಕೂಲ. ವಯಸ್ಸಾದ ಓದುಗರಲ್ಲಿ ಅನೇಕರು ಅದನ್ನು ಕಂಡಿರುತ್ತೀರಿ. ಮೇಲೊಂದು ಹಿಡಿ, ಮುಚ್ಚಳ ತೆಗೆದರೆ ಬೂದು ಬಣ್ಣದ ಲೋಹದ ಮುಖ, ಒಂದು ಬದಿಯಲ್ಲಿ ಚೌಕುಳಿ ಕಾಗದದ ಸುರುಳಿ, ಇನ್ನೊಂದು ಬದಿಯಲ್ಲಿ ಕಟಕಟ ಎಂದು ತಿರುಗುವ ಗುಂಡಿ, ಬಣ್ಣಬಣ್ಣದ ತುದಿಗಳಿರುವ ತಂತಿಗಳ ಕಂತೆ. ಕೈಕಾಲಿಗೆ ಕಟ್ಟಲು ಲೋಹದ ಬಿಲ್ಲೆಗಳು ಮತ್ತು ರಬ್ಬರ್ ಪಟ್ಟಿಗಳು. ಎದೆಗೆ ಹಚ್ಚಲು ರಬ್ಬರಿನ ಬಲ್ಬು ಇರುವ ಒಂದು ಪುಟ್ಟ ಬಟ್ಟಲು. ಬಲ್ಬನ್ನು ಒತ್ತಿ ಬಿಟ್ಟರೆ ಅದು ಚರ್ಮಕ್ಕೆ ಕಚ್ಚಿಕೊಳ್ಳುತ್ತಿತ್ತು. ನಾನು ತಾಲ್ಲೂಕು ಆಸ್ಪತ್ರೆಯಲ್ಲಿದ್ದ ಕಾಲದಲ್ಲಿ ಇಂಥ ಒಂದು ಪೆಟ್ಟಿಗೆ ವಾರ್ಡಿನಿಂದ ವಾರ್ಡಿಗೆ, ಒಮ್ಮೊಮ್ಮೆ ಜೀಪಿನಲ್ಲಿ ರೋಗಿಯ ಮನೆಗೂ ಹೋಗಿಬರುತ್ತಿತ್ತು. ಇಸಿಜಿ ಓದುವುದನ್ನು ನಾನು ಪುಸ್ತಕದಲ್ಲಿ ಕಲಿತೆ, ಇಸಿಜಿ ಎಂದರೇನು ಎಂಬುದನ್ನು ಆ ಗುಂಡಿ ತಿರುಗಿಸುತ್ತ ಕಲಿತೆ.

ಗುಂಡಿಯ ಸುತ್ತ ಬರೆದಿದ್ದ ಗುರುತುಗಳೇ ಪಾಠ. ಮೊದಲ ಗುರುತು ಯಂತ್ರವನ್ನು ಅಳತೆಗೆ ತರುವುದಕ್ಕೆ. ಅಲ್ಲಿ ನಿಲ್ಲಿಸಿ ಒಂದು ಒತ್ತುಗುಂಡಿಯನ್ನು ಅದುಮಿದರೆ ಯಂತ್ರ ತನಗೆ ತಾನೇ 1 ಮಿಲಿವೋಲ್ಟ್ ವಿದ್ಯುತ್ ಕೊಟ್ಟುಕೊಂಡು, ಸೂಜಿ ಸರಿಯಾಗಿ 10 ಮಿಲಿಮೀಟರ್ ಎತ್ತರಕ್ಕೆ ನೆಗೆಯಬೇಕು. ಹೆಚ್ಚುಕಡಿಮೆಯಾದರೆ ತಿರುಪು ತಿರುಗಿಸಿ ಸರಿಮಾಡಿಕೊಳ್ಳಬೇಕು. ಅದಾದ ಮೇಲೆ ಒಂದು, ಎರಡು, ಮೂರು ಎಂಬ ಲೀಡುಗಳು. ಲೀಡು ಎಂದರೆ ಹೃದಯದ ವಿದ್ಯುತ್ತನ್ನು ಒಂದು ಕಡೆಯಿಂದ ನೋಡುವ ನೋಟ. ಮುಂದೆ ಎವಿಆರ್, ಎವಿಎಲ್, ಎವಿಎಫ್. ಕೊನೆಗೆ ಎದೆಯ ಮೇಲಿನ ವಿ1ರಿಂದ ವಿ6. ಒಟ್ಟು ಹನ್ನೆರಡು. ಹಳೆಯ ಪೆಟ್ಟಿಗೆಗೆ ಸೂಜಿ ಒಂದೇ ಇದ್ದುದರಿಂದ ಅದು ಒಂದು ಸಲಕ್ಕೆ ಒಂದು ಲೀಡನ್ನು ಮಾತ್ರ ಬರೆಯುತ್ತಿತ್ತು. ನಾಲ್ಕಾರು ಬಡಿತ ಬರೆಸಿ, ನಿಲ್ಲಿಸಿ, ಗುಂಡಿ ತಿರುಗಿಸಿ, ಮತ್ತೆ ಬರೆಸಬೇಕು. ಎದೆಯ ಬಟ್ಟಲನ್ನಂತೂ ಪ್ರತಿ ಸಲ ಕಿತ್ತು ಪಕ್ಕದ ಜಾಗಕ್ಕೆ ಹಚ್ಚಬೇಕಿತ್ತು.

ಕೈಗಡಿಯಾರದ ಇಸಿಜಿ ಎಂದರೆ ಈ ಗುಂಡಿಯನ್ನು ‘ಒಂದು’ ಎಂಬಲ್ಲಿ ಇಟ್ಟು ಅಲ್ಲೇ ಬಿಟ್ಟ ಹಾಗೆ. ಎಡ ಮಣಿಕಟ್ಟಿಗೆ ವಾಚಿನ ಬೆನ್ನು ತಾಗಿರುತ್ತದೆ, ಬಲಗೈ ಬೆರಳನ್ನು ಅದರ ತಿರುಪಿನ ಮೇಲೆ ಇಡುತ್ತೀರಿ. ಎಡಗೈಗೂ ಬಲಗೈಗೂ ನಡುವಿನ ವಿದ್ಯುತ್ ವ್ಯತ್ಯಾಸವನ್ನು ವಾಚು 30 ಸೆಕೆಂಡು ಬರೆಯುತ್ತದೆ. ವೈದ್ಯಕೀಯದಲ್ಲಿ ಇದೇ ಒಂದನೇ ಲೀಡು. ವಾಚು ಬರೆದದ್ದು ಸುಳ್ಳಲ್ಲ, ನಿಜವಾದ ಇಸಿಜಿಯೇ. ಆದರೆ ಹನ್ನೆರಡರಲ್ಲಿ ಒಂದು.

ಹನ್ನೆರಡು ಯಾಕೆ ಬೇಕು? ಹೃದಯದ ಪ್ರತಿ ಬಡಿತಕ್ಕೂ ಮುನ್ನ ಅದರ ಸ್ನಾಯುವಿನಲ್ಲಿ ಸಣ್ಣದೊಂದು ವಿದ್ಯುತ್ ಅಲೆ ಹರಿಯುತ್ತದೆ. ಮೇಲಿನ ಬಲಕೋಣೆಯಲ್ಲಿ ಹುಟ್ಟಿ, ಕೋಣೆಯಿಂದ ಕೋಣೆಗೆ ಇಳಿದು, ಕೆಳಗಿನ ದಪ್ಪ ಸ್ನಾಯುವಿನಲ್ಲಿ ಹರಡುತ್ತದೆ. ಚರ್ಮದ ಮೇಲೆ ಅಳೆದರೆ ಅದರ ಬಲ 1 ಮಿಲಿವೋಲ್ಟ್ ಆಸುಪಾಸು, ಅಂದರೆ ವೋಲ್ಟಿನ ಸಾವಿರದ ಒಂದು ಪಾಲು. ಈ ಅಲೆ ಒಂದು ಲೀಡಿನ ಕಡೆಗೆ ಬಂದರೆ ಗೆರೆ ಮೇಲೇಳುತ್ತದೆ, ದೂರ ಸರಿದರೆ ಕೆಳಗಿಳಿಯುತ್ತದೆ, ಅಡ್ಡಡ್ಡ ಹೋದರೆ ಹೆಚ್ಚೇನೂ ಕಾಣುವುದಿಲ್ಲ. ಊರ ಕೆರೆಯ ಏರಿಯ ಒಂದೇ ಜಾಗದಲ್ಲಿ ನಿಂತು ನೋಡುವವನಿಗೆ ನೀರಿನ ಅಲೆ ಕಾಣುತ್ತದೆ, ಆಚೆ ತುದಿಯಲ್ಲಿ ಏರಿ ಬಿರುಕು ಬಿಟ್ಟದ್ದು ಕಾಣುವುದಿಲ್ಲ. ಒಂದು ಮತ್ತು ಎವಿಎಲ್ ಲೀಡುಗಳು ಹೃದಯದ ಎಡ ಮಗ್ಗುಲನ್ನು ಮೇಲಿನಿಂದ ನೋಡುತ್ತವೆ. ಎರಡು, ಮೂರು ಮತ್ತು ಎವಿಎಫ್ ಅಡಿಭಾಗವನ್ನು ನೋಡುತ್ತವೆ. ವಿ1ರಿಂದ ವಿ4 ಎದುರಿನ ಗೋಡೆಯನ್ನೂ ಎರಡು ಕೋಣೆಗಳ ನಡುವಿನ ತಡಿಕೆಯನ್ನೂ ನೋಡುತ್ತವೆ. ವಿ5, ವಿ6 ಮತ್ತೆ ಎಡ ಮಗ್ಗುಲಿಗೆ. ರಕ್ತನಾಳ ಎಲ್ಲಿ ಕಟ್ಟಿಕೊಂಡಿದೆ ಎಂಬುದರ ಸುಳಿವು ಸಿಗುವುದು ಯಾವ ಲೀಡಿನಲ್ಲಿ ಗೆರೆ ಬದಲಾಗಿದೆ ಎಂಬುದರಿಂದ.

ಇದನ್ನು ನನಗೆ ಎಂದೂ ಮರೆಯದಂತೆ ಕಲಿಸಿದವರು ಒಬ್ಬ ರೈತರು. ಹೊಟ್ಟೆಯ ಮೇಲ್ಭಾಗ ಉರಿಯುತ್ತದೆ, ಬೆವರು ಬರುತ್ತದೆ, ಎರಡು ಸಲ ವಾಂತಿಯಾಯಿತು ಎಂದು ಸಂಜೆ ಹೊತ್ತಿಗೆ ಬಂದರು. ‘ಗ್ಯಾಸ್ಟ್ರಿಕ್ಕು ಸಾರ್, ಒಂದು ಇಂಜೆಕ್ಷನ್ ಹಾಕಿಬಿಡಿ, ಬಸ್ಸು ಹೋಗುತ್ತೆ’ ಎಂದು ಅವಸರಪಡಿಸುತ್ತಿದ್ದರು. ಬೆವರು ನೋಡಿ ನನಗೆ ಸಮಾಧಾನವಾಗಲಿಲ್ಲ. ಪೆಟ್ಟಿಗೆ ತರಿಸಿದೆ. ಒಂದನೇ ಲೀಡಿನಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಗುಂಡಿ ಎರಡಕ್ಕೆ ಹೋದಾಗ ಗೆರೆ ಸ್ವಲ್ಪ ಎದ್ದಿತು. ಮೂರಕ್ಕೆ ಹೋದಾಗ ಸಂಶಯವೇ ಉಳಿಯಲಿಲ್ಲ. ಬಡಿತದ ಮೊನೆಯಾದ ಮೇಲೆ ನೆಲಕ್ಕೆ ಇಳಿಯಬೇಕಾದ ಗೆರೆ ಇಳಿಯದೆ ಗುಡ್ಡದಂತೆ ಉಬ್ಬಿಕೊಂಡೇ ಇತ್ತು. ಎವಿಎಫ್ ಅದನ್ನೇ ಖಾತ್ರಿಪಡಿಸಿತು. ಹೃದಯದ ಅಡಿಭಾಗದ ಆಘಾತ. ಆಸ್ಪಿರಿನ್ ಅಗಿಸಿ, ಅವರನ್ನು ನಡೆಯಲು ಬಿಡದೆ ಜೀಪಿನಲ್ಲಿ ಮಲಗಿಸಿ ಜಿಲ್ಲಾ ಆಸ್ಪತ್ರೆಗೆ ಕಳಿಸಿದೆವು. ಬದುಕಿದರು. ಆ ದಿನ ಗುಂಡಿಯನ್ನು ಒಂದರಲ್ಲೇ ನಿಲ್ಲಿಸಿದ್ದರೆ ನಾನೂ ಗ್ಯಾಸ್ಟ್ರಿಕ್ಕಿನ ಇಂಜೆಕ್ಷನ್ ಕೊಟ್ಟೇ ಕಳಿಸುತ್ತಿದ್ದೆನೇನೋ. ವಾಚು ತಯಾರಿಸುವವರೂ ತಮ್ಮ ಸಲಕರಣೆ ಹೃದಯಾಘಾತವನ್ನು ಪತ್ತೆಮಾಡಲಾರದು ಎಂದು ಸ್ಪಷ್ಟವಾಗಿ ಬರೆದಿರುತ್ತಾರೆ. ಆ ಸಾಲನ್ನು ಓದುವವರು ಕಡಿಮೆ.

ಇಷ್ಟು ಹೇಳಿದ ಮೇಲೆ ಈ ಯಂತ್ರ ಪೆಟ್ಟಿಗೆಯೊಳಕ್ಕೆ ಬಂದ ಕಥೆಯನ್ನೂ ಹೇಳಬೇಕು. ಒಂದೇ ಲೀಡು ಸಾಕೇ ಎಂಬ ಪ್ರಶ್ನೆ ಆ ಕಥೆಯಲ್ಲೂ ಇದೆ. ನೆದರ್ಲೆಂಡ್ಸಿನ ಲೈಡನ್ ಊರಿನ ವಿಲ್ಲೆಮ್ ಐಂಥೋವನ್ 1901ರ ಹೊತ್ತಿಗೆ ಕಟ್ಟಿದ ಯಂತ್ರದ ತೂಕ ಸುಮಾರು 270 ಕಿಲೋ. ಅದನ್ನು ನಡೆಸಲು ಐದು ಜನ ಬೇಕಾಗುತ್ತಿದ್ದರು. ಭಾರಿ ವಿದ್ಯುತ್ಕಾಂತದ ನಡುವೆ ಬೆಳ್ಳಿ ಲೇಪಿಸಿದ ಸ್ಫಟಿಕದ ಎಳೆಯೊಂದನ್ನು ಬಿಗಿದಿದ್ದರು. ಆ ಎಳೆ ಎಷ್ಟು ತೆಳುವೆಂದರೆ ಬರಿಗಣ್ಣಿಗೆ ಕಾಣುವುದು ಕಷ್ಟ. ಕರಗಿದ ಸ್ಫಟಿಕವನ್ನು ಬಾಣದ ತುದಿಗೆ ಅಂಟಿಸಿ, ಬಾಣ ಬಿಟ್ಟು ಎಳೆ ಎಳೆಯುವುದು ಅಂದಿನ ವಿಧಾನ. ಹೃದಯದ ವಿದ್ಯುತ್ತು ಎಳೆಯೊಳಗೆ ಹರಿದಾಗ ಅದು ಕಾಂತದ ನಡುವೆ ಅಲುಗುತ್ತಿತ್ತು. ಅದರ ನೆರಳನ್ನು ಮಸೂರಗಳಿಂದ ದೊಡ್ಡದು ಮಾಡಿ, ಸರಿಯುವ ಫೋಟೋ ಫಲಕದ ಮೇಲೆ ಬೀಳಿಸುತ್ತಿದ್ದರು. ಕಾಂತ ಕಾಯದಂತೆ ಸದಾ ನೀರು ಹರಿಸಬೇಕಿತ್ತು. ರೋಗಿ ಎರಡು ಕೈಗಳನ್ನೂ ಎಡಗಾಲನ್ನೂ ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿ ಕೂರುತ್ತಿದ್ದ. ಎರಡು ಕೈ, ಒಂದು ಕಾಲು: ಇವುಗಳ ನಡುವಿನ ಮೂರು ಜೋಡಿಗಳೇ ಒಂದು, ಎರಡು, ಮೂರನೇ ಲೀಡುಗಳಾದವು. ಪಿ, ಕ್ಯೂ, ಆರ್, ಎಸ್, ಟಿ ಎಂದು ಅಲೆಗಳಿಗೆ ಹೆಸರಿಟ್ಟವರೂ ಐಂಥೋವನ್ನರೇ. 1924ರಲ್ಲಿ ಅವರಿಗೆ ನೊಬೆಲ್ ಬಂತು.

ಆ ಯಂತ್ರವನ್ನು ಆಸ್ಪತ್ರೆಗೆ ಒಯ್ಯುವ ಮಾತೇ ಇರಲಿಲ್ಲ. ಕಾಯಿಲೆಯವರನ್ನು ಪ್ರಯೋಗಾಲಯಕ್ಕೆ ಕರೆತರುವುದೂ ಸುಲಭವಲ್ಲ. ಐಂಥೋವನ್ 1905ರಲ್ಲಿ ಆಸ್ಪತ್ರೆಯಿಂದ ತಮ್ಮ ಪ್ರಯೋಗಾಲಯಕ್ಕೆ ಸುಮಾರು 1.5 ಕಿಲೋಮೀಟರ್ ದೂರ ಟೆಲಿಫೋನ್ ತಂತಿಯ ಮೂಲಕ ಹೃದಯದ ವಿದ್ಯುತ್ತನ್ನೇ ಹರಿಸಿದರು. ರೋಗಿ ಅಲ್ಲಿ, ಯಂತ್ರ ಇಲ್ಲಿ. ಇಸಿಜಿ ಇನ್ನೂ ಮಗುವಾಗಿದ್ದಾಗಲೇ ದೂರದಿಂದ ಓದುವ ಪದ್ಧತಿ ಹುಟ್ಟಿಬಿಟ್ಟಿತ್ತು ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ತೂಕ ಇಳಿಸುವ ಕೆಲಸವನ್ನು ಕಂಪನಿಗಳು ಮಾಡಿದವು. ಚಾರ್ಲ್ಸ್ ಡಾರ್ವಿನ್ನರ ಮಗ ಹೊರೇಸ್ ಡಾರ್ವಿನ್ ಕಟ್ಟಿದ ಇಂಗ್ಲೆಂಡಿನ ಕೇಂಬ್ರಿಜ್ ಕಂಪನಿ ಮೊದಲು ಇದನ್ನು ಮೇಜಿನ ಮೇಲೆ ಹಿಡಿಸುವಂತೆ ಮಾಡಿತು. ಅಮೆರಿಕದ ಸ್ಯಾನ್‌ಬೋರ್ನ್ ಕಂಪನಿ 1928ರಲ್ಲಿ ಹೊತ್ತೊಯ್ಯಬಹುದಾದ ಮಾದರಿಯನ್ನು ತಂದಿತು. ಅದರ ತೂಕ 50 ಪೌಂಡು, ಹೆಚ್ಚುಕಡಿಮೆ 23 ಕಿಲೋ. ನಡೆಸಲು ಕಾರಿನ 6 ವೋಲ್ಟ್ ಬ್ಯಾಟರಿ. ಇಂದು ಯಾರೂ ಅದನ್ನು ಹಗುರ ಎನ್ನಲಾರರು. ಆದರೆ 270 ಕಿಲೋ ಎಲ್ಲಿ, 23 ಕಿಲೋ ಎಲ್ಲಿ! ಮಂಚದಿಂದ ಏಳಬಾರದವರ ಮನೆಗೆ ಇಸಿಜಿ ಹೋಗುವುದು ಸಾಧ್ಯವಾಯಿತು. ಆಗಿನ್ನೂ ಚಿತ್ರ ಮೂಡುತ್ತಿದ್ದುದು ಫೋಟೋ ಫಿಲ್ಮಿನ ಮೇಲೆ. ಕತ್ತಲ ಕೋಣೆಯಲ್ಲಿ ತೊಳೆದು ಒಣಗಿಸುವ ತನಕ ವೈದ್ಯರಿಗೂ ಏನೂ ಗೊತ್ತಾಗುತ್ತಿರಲಿಲ್ಲ.

ಆ ಕಾಯುವಿಕೆಯನ್ನು ಕೊನೆಗಾಣಿಸಿದ್ದು ಬಿಸಿ ಸೂಜಿ. 1940ರ ದಶಕದ ಕೊನೆಯ ಹೊತ್ತಿಗೆ ಬಂದ ಯಂತ್ರಗಳಲ್ಲಿ ಕಾಗದಕ್ಕೆ ಮೇಣದಂಥ ಬಿಳಿ ಲೇಪ, ಅದರಡಿಗೆ ಕಪ್ಪು. ಕಾದ ಸೂಜಿ ತಾಗಿದಲ್ಲಿ ಬಿಳಿ ಕರಗಿ ಕಪ್ಪು ಗೆರೆ ಮೂಡುತ್ತದೆ. ಶಾಯಿ ಬೇಡ, ಕತ್ತಲ ಕೋಣೆ ಬೇಡ, ಹೃದಯ ಬಡಿದ ಹಾಗೆಯೇ ಕಣ್ಣೆದುರು ಬರಹ. ಇದೇ ಹೊತ್ತಿಗೆ ಲೀಡುಗಳೂ ಹನ್ನೆರಡಾದವು. ಅಮೆರಿಕದ ಫ್ರಾಂಕ್ ವಿಲ್ಸನ್ನರ ಕೆಲಸದಿಂದ ಎದೆಯ ಲೀಡುಗಳು ಬಂದವು, 1938ರಲ್ಲಿ ಅವುಗಳ ಜಾಗಗಳು ಗೊತ್ತಾದವು. 1942ರಲ್ಲಿ ಇಮ್ಯಾನ್ಯುಯೆಲ್ ಗೋಲ್ಡ್‌ಬರ್ಗರ್ ಎವಿ ಸಾಲಿನ ಮೂರನ್ನು ಸೇರಿಸಿದರು. ಗಮನಿಸಿ: ಯಂತ್ರದ ತೂಕ ಇಳಿಯುತ್ತ ಹೋದ ಅವಧಿಯಲ್ಲೇ ನೋಟಗಳು ಮೂರರಿಂದ ಹನ್ನೆರಡಕ್ಕೆ ಏರಿದವು. ಹಗುರ ಮಾಡುವ ಭರದಲ್ಲಿ ಯಾರೂ ನೋಟವನ್ನು ಬಿಟ್ಟುಕೊಡಲಿಲ್ಲ. ಕೈಕಾಲಿನ ಮೂರು ಲೀಡುಗಳಿಗೆ ಎದುರಿನ ಗೋಡೆಯ ಆಘಾತ ಎಷ್ಟೋ ಸಲ ಸರಿಯಾಗಿ ಕಾಣುವುದಿಲ್ಲ ಎಂಬುದನ್ನು ಆ ತಲೆಮಾರಿನ ವೈದ್ಯರು ರೋಗಿಗಳ ಹಾಸಿಗೆಯ ಪಕ್ಕದಲ್ಲೇ ಕಂಡುಕೊಂಡಿದ್ದರು.

ನಮ್ಮ ದೇಶದಲ್ಲಿ ಈ ಪೆಟ್ಟಿಗೆಯನ್ನು ಸಣ್ಣ ಊರುಗಳ ಕ್ಲಿನಿಕ್ಕುಗಳಿಗೆ ಮುಟ್ಟಿಸಿದ ಹೆಸರುಗಳಲ್ಲಿ ಬಿಪಿಎಲ್ ಮುಖ್ಯವಾದುದು. 1963ರಲ್ಲಿ ಕೇರಳದ ಪಾಲಕ್ಕಾಡಿನಲ್ಲಿ ಶುರುವಾಗಿ, ಮುಂದೆ ಬೆಂಗಳೂರಿನಲ್ಲಿ ನೆಲೆಯೂರಿದ ಕಂಪನಿ ಅದು. ಟಿ.ವಿ. ಮಾಡುವವರೆಂದು ಜನ ಅವರನ್ನು ಬಲ್ಲರು. ನನ್ನ ಓರಗೆಯ ವೈದ್ಯರಿಗೆ ಬಿಪಿಎಲ್ ಎಂದರೆ ಮೊದಲು ನೆನಪಾಗುವುದು ‘ಕಾರ್ಡಿಯಾರ್ಟ್’ ಇಸಿಜಿ ಯಂತ್ರ. ಒಂದೇ ಸೂಜಿಯ ಆ ಯಂತ್ರ ಕರೆಂಟು ಹೋದರೂ ಬ್ಯಾಟರಿಯಲ್ಲಿ ನಡೆಯುತ್ತಿತ್ತು. ದಿನವಿಡೀ ಕರೆಂಟು ಕೈಕೊಡುವ ಊರಿನಲ್ಲಿ ಕೆಲಸ ಮಾಡಿದವರಿಗೆ ಅದರ ಬೆಲೆ ಗೊತ್ತು.

ಇಂಥ ಯಂತ್ರದಲ್ಲಿ ಒಳ್ಳೆಯ ಇಸಿಜಿ ತೆಗೆಯುವುದು ಒಂದು ಕಸುಬು, ಮತ್ತು ಆ ಕಸುಬನ್ನು ಬಲ್ಲ ನರ್ಸಮ್ಮಂದಿರು, ಟೆಕ್ನಿಷಿಯನ್ನರು ನನಗೆ ವೈದ್ಯರಷ್ಟೇ ಗೌರವಕ್ಕೆ ಪಾತ್ರರು. ಕೆಂಪು ತಂತಿ ಬಲಗೈಗೆ, ಹಳದಿ ಎಡಗೈಗೆ, ಹಸಿರು ಎಡಗಾಲಿಗೆ, ಕಪ್ಪು ಬಲಗಾಲಿಗೆ. ಅವಸರದಲ್ಲಿ ಕೆಂಪು, ಹಳದಿ ಅದಲುಬದಲಾದರೆ ಒಂದನೇ ಲೀಡು ತಲೆಕೆಳಗಾಗಿ, ಆರೋಗ್ಯವಂತನೂ ರೋಗಿಯಂತೆ ಕಾಣುತ್ತಾನೆ. ಬಿಲ್ಲೆಯ ಅಡಿಗೆ ಜೆಲ್ಲಿ ಹಚ್ಚಬೇಕು. ಜೆಲ್ಲಿ ಮುಗಿದಿದ್ದರೆ ಉಪ್ಪುನೀರಿನಲ್ಲಿ ಅದ್ದಿದ ಬಟ್ಟೆಯ ತುಂಡೂ ನಡೆಯುತ್ತದೆ. ಐಂಥೋವನ್ನರ ಪಾತ್ರೆಯ ತತ್ವವೇ ಅದು. ಗೋಡೆಯ ವೈರಿಂಗಿನಿಂದ ಬರುವ ಕರೆಂಟಿನ ಕಂಪನ ಸೆಕೆಂಡಿಗೆ 50 ಸಲ ಗೆರೆಯನ್ನು ನಡುಗಿಸಿ, ತೆಳ್ಳಗಿರಬೇಕಾದ ಗೆರೆಯನ್ನು ದಪ್ಪ ಹುರಿ ಮಾಡಿಬಿಡುತ್ತಿತ್ತು. ಆಗ ಮಂಚವನ್ನು ಗೋಡೆಯಿಂದ ಸರಿಸುವುದು, ಫ್ಯಾನು ನಿಲ್ಲಿಸುವುದು, ಅರ್ಥಿಂಗ್ ತಂತಿಯನ್ನು ನಲ್ಲಿಯ ಕೊಳವೆಗೆ ಕಟ್ಟುವುದು. ರೋಗಿ ಚಳಿಗೆ ನಡುಗಿದರೂ ಗೆರೆ ನಡುಗುತ್ತದೆ. ಅದಕ್ಕೆ ಔಷಧ ಒಂದು ಕಂಬಳಿ, ಎರಡು ಸಮಾಧಾನದ ಮಾತು. ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ವೇಗದಲ್ಲಿ ಸರಿಯುತ್ತದಾದ್ದರಿಂದ ಐದು ದೊಡ್ಡ ಚೌಕ ಎಂದರೆ ಒಂದು ಸೆಕೆಂಡು. ಎರಡು ಬಡಿತಗಳ ನಡುವೆ ಎಷ್ಟು ದೊಡ್ಡ ಚೌಕಗಳಿವೆ ಎಂದು ಎಣಿಸಿ, 300ನ್ನು ಅದರಿಂದ ಭಾಗಿಸಿದರೆ ನಿಮಿಷದ ಬಡಿತ ಸಿಗುತ್ತದೆ. ನಾಲ್ಕು ಚೌಕವಿದ್ದರೆ 75. ನಿಮ್ಮ ಮನೆಯಲ್ಲಿರುವ ಇಸಿಜಿ ಹಾಳೆ ತೆಗೆದು ಲೆಕ್ಕ ಹಾಕಿ ನೋಡಬಹುದು.

ಹೀಗೆ ಒಂದೊಂದೇ ಲೀಡು ಬರೆಸುವಾಗ ಓದುವ ಕೆಲಸವೂ ಜೊತೆಜೊತೆಗೇ ನಡೆಯುತ್ತಿತ್ತು. ಇಂದಿನ ಯಂತ್ರ ಹನ್ನೆರಡನ್ನೂ ಕೆಲವೇ ಸೆಕೆಂಡುಗಳಲ್ಲಿ ಬರೆದು, ಹಾಳೆಯ ತಲೆಯ ಮೇಲೆ ‘ನಾರ್ಮಲ್’ ಎಂದೋ ‘ಅಬ್‌ನಾರ್ಮಲ್’ ಎಂದೋ ಮುದ್ರಿಸಿಕೊಡುತ್ತದೆ. ಆ ಮುದ್ರಿತ ಸಾಲನ್ನು ಓದಿ ಹೆದರಿದವರನ್ನೂ, ಅದಕ್ಕಿಂತ ಅಪಾಯಕರವಾಗಿ ಅದನ್ನು ಓದಿ ನಿಶ್ಚಿಂತರಾದವರನ್ನೂ ನಾನು ಕಂಡಿದ್ದೇನೆ. ಯಂತ್ರದ ತೀರ್ಪು ವೈದ್ಯರಿಗೊಂದು ಸೂಚನೆ, ಅಷ್ಟೇ. ಆಘಾತದ ಮೊದಲ ಗಳಿಗೆಯಲ್ಲಿ ಹನ್ನೆರಡು ಲೀಡಿನ ಇಸಿಜಿ ಕೂಡ ಸರಿಯಾಗಿರಬಹುದು. ಅದಕ್ಕೇ ನೋವು ನಿಲ್ಲದಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು ತೆಗೆಯುತ್ತೇವೆ, ಬೇಕಾದರೆ ಇನ್ನೊಂದು, ಜೊತೆಗೆ ರಕ್ತಪರೀಕ್ಷೆ. ‘ಎಷ್ಟು ಸಲ ತೆಗೀತೀರಿ?’ ಎಂದು ಮನೆಯವರು ಬೇಸರಪಡುವುದು ಸಹಜ. ದಯವಿಟ್ಟು ತಡೆಯಬೇಡಿ.

ಇಷ್ಟೆಲ್ಲ ಓದಿ ವಾಚಿನಿಂದ ಪ್ರಯೋಜನವೇ ಇಲ್ಲ ಎಂದುಕೊಳ್ಳಬಾರದು. ಅದಕ್ಕೊಂದು ಬೇರೆ ವಂಶಾವಳಿ ಇದೆ, ಆ ವಂಶದ ಹಿರಿಯರು ಅಮೆರಿಕದ ನಾರ್ಮನ್ ಹೋಲ್ಟರ್. ಮೊಂಟಾನಾ ರಾಜ್ಯದ ಹೆಲೆನಾ ಎಂಬ ಊರಿನವರು, ವೈದ್ಯರಲ್ಲ, ಭೌತವಿಜ್ಞಾನಿ. ಮಂಚದ ಮೇಲೆ ಅಲುಗದೆ ಮಲಗಿದವನ ಹೃದಯವನ್ನು ಕೆಲವು ಸೆಕೆಂಡು ನೋಡಿದರೆ ಅವನ ದಿನದ ಬಗ್ಗೆ ಏನು ತಿಳಿಯುತ್ತದೆ ಎಂಬುದು ಅವರ ಪ್ರಶ್ನೆ. ಮೆಟ್ಟಿಲು ಹತ್ತುವಾಗ, ಜಗಳವಾಡುವಾಗ, ನಿದ್ದೆಯಲ್ಲಿ ಹೃದಯ ಹೇಗಿರುತ್ತದೆ? 1940ರ ದಶಕದ ಕೊನೆಯಲ್ಲಿ ಅವರು ಕಟ್ಟಿದ ಮೊದಲ ಯಂತ್ರ ಬೆನ್ನಿಗೆ ಹೊರುವಂಥದು, ತೂಕ ಸುಮಾರು 38 ಕಿಲೋ. ಅದನ್ನು ಹೊತ್ತು, ವ್ಯಾಯಾಮದ ಸೈಕಲ್ ತುಳಿಯುತ್ತ, ಹೃದಯದ ವಿದ್ಯುತ್ತನ್ನು ರೇಡಿಯೋ ಅಲೆಯಲ್ಲಿ ಕಳಿಸಿದರು. ಹೆಗಲು ಮುರಿಯುವ ಆ ಹೊರೆಯನ್ನು ಅವರು ಮತ್ತು ಜೊತೆಗಾರರು ಇಳಿಸುತ್ತ ಇಳಿಸುತ್ತ, ಟೇಪಿನಲ್ಲಿ ಮುದ್ರಿಸಿಕೊಳ್ಳುವ ಸುಮಾರು ಒಂದು ಕಿಲೋದ ಪೆಟ್ಟಿಗೆಗೆ ತಂದರು. 1961ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅದರ ವಿವರ ಪ್ರಕಟವಾಯಿತು. ಇಂದು ವೈದ್ಯರು ‘ಹೋಲ್ಟರ್ ಹಾಕಿಸಿಕೊಳ್ಳಿ’ ಎನ್ನುವುದು ಇವರ ಹೆಸರನ್ನೇ.

ಹೋಲ್ಟರ್ ಎದುರಿಸಿದ ಇನ್ನೊಂದು ತೊಡಕು ನನಗೆ ಬಹಳ ಇಷ್ಟ. ದಿನದ ಬಡಿತ ಸುಮಾರು ಒಂದು ಲಕ್ಷ. ಅಷ್ಟನ್ನೂ ಕೂತು ನೋಡುವವರು ಯಾರು? ಅವರು ಟೇಪನ್ನು 60 ಪಟ್ಟು ವೇಗದಲ್ಲಿ ಓಡಿಸಿದರು. ಒಂದು ಗಂಟೆಯ ಹೃದಯ ಒಂದು ನಿಮಿಷದಲ್ಲಿ ಮುಗಿಯುತ್ತದೆ. ಪರದೆಯ ಮೇಲೆ ಬಡಿತಗಳು ಒಂದರ ಮೇಲೊಂದು ಬೀಳುತ್ತವೆ, ಜೊತೆಗೆ ಒಂದೇ ಶ್ರುತಿಯ ಸದ್ದು ಕೇಳುತ್ತದೆ. ಎಲ್ಲೋ ಒಂದು ಬಡಿತ ದಾರಿ ತಪ್ಪಿದರೆ ಆಕಾರವೂ ಕೆಡುತ್ತದೆ, ಶ್ರುತಿಯೂ ಕೆಡುತ್ತದೆ. ಕಣ್ಣು ಬಿಟ್ಟದ್ದನ್ನು ಕಿವಿ ಹಿಡಿಯುತ್ತದೆ.

ವಾಚು ಈ ಮನೆಯ ಮಗು. ಬಂದುಹೋಗುವ ಲಯದ ತೊಂದರೆಗಳನ್ನು ಹಿಡಿಯುವುದರಲ್ಲಿ ಅದು ನಿಜಕ್ಕೂ ಉಪಕಾರಿ. ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಸಂಕುಚಿಸದೆ ಅದುರುತ್ತ, ಬಡಿತ ತಾಳತಪ್ಪುವ ಒಂದು ಕಾಯಿಲೆಯಿದೆ, ಏಟ್ರಿಯಲ್ ಫಿಬ್ರಿಲೇಷನ್. ಅದುರುವ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮಿದುಳಿಗೆ ಹೋದರೆ ಪಾರ್ಶ್ವವಾಯು. ಎಷ್ಟೋ ಜನರಲ್ಲಿ ಅದು ಆಗೊಮ್ಮೆ ಈಗೊಮ್ಮೆ ಬಂದು, ಆಸ್ಪತ್ರೆ ತಲುಪುವಷ್ಟರಲ್ಲಿ ಮಾಯವಾಗಿರುತ್ತದೆ. ನನ್ನ ಹಳೆಯ ಪೆಟ್ಟಿಗೆ ಅಲ್ಲಿ ಸೋಲುತ್ತಿತ್ತು. ಎದೆ ಢವಢವ ಎಂದಾಗ ಅದು ರೋಗಿಯ ಪಕ್ಕದಲ್ಲಿರುತ್ತಿರಲಿಲ್ಲ. ಲಯ ತಿಳಿಯಲು ಒಂದು ಲೀಡು ಸಾಕು, ಸರಿಯಾದ ಹೊತ್ತಿಗೆ ಸಿಗಬೇಕು, ಅಷ್ಟೇ. ಆದ್ದರಿಂದ ನನ್ನ ಮಾತು ಇಷ್ಟು: ಎದೆ ಬಡಿತ ಏರುಪೇರಾದಂತೆ ಅನಿಸಿದರೆ ವಾಚಿನಲ್ಲಿ ಬರೆಸಿ, ಉಳಿಸಿ, ವೈದ್ಯರಿಗೆ ತೋರಿಸಿ. ಎದೆನೋವು, ಎದೆ ಬಿಗಿತ, ದವಡೆಗೋ ತೋಳಿಗೋ ಹರಡುವ ನೋವು, ಕಾರಣವಿಲ್ಲದ ಬೆವರು, ಉಸಿರುಗಟ್ಟುವಿಕೆ ಇದ್ದರೆ ವಾಚನ್ನು ನೋಡುತ್ತ ಕೂರಬೇಡಿ. ಹತ್ತಿರದಲ್ಲಿ ಹನ್ನೆರಡು ಲೀಡಿನ ಇಸಿಜಿ ಎಲ್ಲಿದೆಯೋ ಅಲ್ಲಿಗೆ ಹೊರಡಿ. ಸಕ್ಕರೆ ಕಾಯಿಲೆ ಇರುವವರಿಗೆ, ವಯಸ್ಸಾದವರಿಗೆ, ಹೆಂಗಸರಿಗೆ ಎಷ್ಟೋ ಸಲ ಎದೆನೋವೇ ಇಲ್ಲದೆ ಬರೀ ಸುಸ್ತು, ಹೊಟ್ಟೆತೊಳೆಸುವುದು ಇಷ್ಟರಲ್ಲೇ ಆಘಾತವಾಗಿರುತ್ತದೆ ಎಂಬುದೂ ನೆನಪಿರಲಿ.

ಹಾಗೆ ಹೊರಟವರಿಗೆ ದಾರಿಯಲ್ಲಿ ಇಸಿಜಿ ಸಿಗುತ್ತದೆಯೇ? ಮಲೆನಾಡಿನ ಒಳಗಿನ ಊರಿನಿಂದ ದೊಡ್ಡ ಆಸ್ಪತ್ರೆಗೆ ಘಾಟಿ ಇಳಿಯಬೇಕಾದವರಿಗೆ ಇದು ಜೀವದ ಪ್ರಶ್ನೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಹಳ್ಳಿಗಾಡಿನ ವೈದ್ಯರಿಗೂ ಆರೋಗ್ಯ ಕೇಂದ್ರಗಳಿಗೂ ಇಸಿಜಿ ಯಂತ್ರಗಳನ್ನು ಒದಗಿಸಿ, ವಾಟ್ಸ್ಆ್ಯಪ್ ಗುಂಪುಗಳ ಮೂಲಕ ಅಲ್ಲಿಂದ ಬರುವ ಇಸಿಜಿಗಳನ್ನು ಓದಿ ಹೇಳುವ ವ್ಯವಸ್ಥೆ ಕಟ್ಟಿದ್ದಾರೆ. ರಾಜ್ಯ ಸರ್ಕಾರ 2023ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ‘ಹೃದಯ ಜ್ಯೋತಿ’ ಯೋಜನೆ ಆರಂಭಿಸಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಹೋಗಿ, ಆಘಾತವೆಂದು ಖಚಿತವಾದರೆ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಅಲ್ಲೇ ಉಚಿತವಾಗಿ ಕೊಡುವುದು ಅದರ ಉದ್ದೇಶ. ಲೈಡನ್ನಿನ 1.5 ಕಿಲೋಮೀಟರ್ ತಂತಿಯ ಕೆಲಸ ಈಗ ಇಡೀ ರಾಜ್ಯದ ಉದ್ದಗಲಕ್ಕೆ ನಡೆಯಬೇಕಿದೆ. ನನ್ನ ಆಸೆ ಇನ್ನೂ ಸ್ವಲ್ಪ ದೊಡ್ಡದು. ಒಂದು ಇಸಿಜಿ ಯಂತ್ರ, ಅದನ್ನು ಕೆಂಪು ಹಳದಿ ತಪ್ಪದೆ ಕಟ್ಟಬಲ್ಲ ಒಬ್ಬ ಸಿಬ್ಬಂದಿ, ಈ ಎರಡೂ ರಾತ್ರಿ ಹೊತ್ತಿನಲ್ಲೂ ಸಿಗುವಂತೆ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇರಬೇಕು. ಯಂತ್ರ ಕೊಳ್ಳುವುದು ಸುಲಭ. ರಾತ್ರಿ ಪಾಳಿಗೆ ಜನ ಕೊಡುವುದರಲ್ಲೇ ನಾವು ಹಿಂದೆ ಬೀಳುತ್ತೇವೆ.

ಇನ್ನು ಹಳೆಯ ಇಸಿಜಿ ಹಾಳೆಗಳ ವಿಷಯ. ಅದನ್ನೂ ಅನೇಕರು ಕೇಳಿದ್ದಾರೆ. ಎಸೆಯಬೇಡಿ. ಕೆಲವರ ಗೆರೆ ಹುಟ್ಟಿನಿಂದಲೇ ತುಸು ಬೇರೆ ಥರ ಇರುತ್ತದೆ, ಕೆಲವರಲ್ಲಿ ಹಿಂದೆಂದೋ ಆದ ಆಘಾತದ ಗುರುತು ಉಳಿದಿರುತ್ತದೆ. ಇವತ್ತು ಕಂಡ ಬದಲಾವಣೆ ಹೊಸದೋ ಹಳೆಯದೋ ಎಂದು ಹೇಳಲು ಹಳೆಯ ಹಾಳೆಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಆದರೆ ಕಾಪಾಡಲು ಲ್ಯಾಮಿನೇಷನ್ ಮಾಡಿಸಬೇಡಿ. ಇಸಿಜಿ ಕಾಗದ ಬಿಸಿಗೆ ಕಪ್ಪಾಗುವ ಕಾಗದ. ಲ್ಯಾಮಿನೇಷನ್ ಯಂತ್ರದೊಳಗೆ ಹೋಗಿ ಬರುವಷ್ಟರಲ್ಲಿ ಇಡೀ ಹಾಳೆ ಕಪ್ಪಾಗಿ, ಹೃದಯದ ಬರಹ ಅಳಿಸಿಹೋಗಿರುತ್ತದೆ. ಬಿಸಿಲಿಗೆ, ಪ್ಲಾಸ್ಟಿಕ್ ಚೀಲಕ್ಕೆ ಸಿಕ್ಕರೆ ನಿಧಾನವಾಗಿ ಮಾಸುತ್ತದೆ. ತೆಗೆಸಿದ ವಾರದಲ್ಲೇ ಒಂದು ಜೆರಾಕ್ಸ್ ಮಾಡಿಸಿ, ಫೋನಿನಲ್ಲಿ ಚೌಕಗಳು ಸ್ಪಷ್ಟವಾಗಿ ಕಾಣುವ ಹಾಗೆ ಒಂದು ಫೋಟೋ ತೆಗೆದಿಡಿ. ಜೆರಾಕ್ಸಿನ ಮೇಲೆ ಹೆಸರು, ತಾರೀಖು, ಗಂಟೆ, ಆ ಹೊತ್ತಿನಲ್ಲಿ ನೋವಿತ್ತೋ ಇಲ್ಲವೋ ಎಂಬುದನ್ನು ಪೆನ್ನಿನಲ್ಲಿ ಬರೆದು, ಮನೆಯವರಿಗೂ ಅದು ಎಲ್ಲಿದೆ ಎಂದು ಹೇಳಿರಿ.